ಅಟ್ಟದಿಂದ ಇಳಿದ ಹಳೆಯ ಕ್ಯಾಸಿಯೋ ಮತ್ತೆ ನುಡಿಯಬೇಕಾದರೆ

ಹಳೆಯ ಕೀಬೋರ್ಡ್ ಅಟ್ಟದಿಂದ ಕೆಳಗೆ ಬಂದ ಕೂಡಲೇ ಮನೆಯಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಇನ್ನೂ ನುಡಿಯುತ್ತದೆಯೇ? ಉತ್ತರ ತಿಳಿಯುವ ಆತುರದಲ್ಲಿ ಕೈಗೆ ಸಿಕ್ಕ ಅಡಾಪ್ಟರನ್ನು ಸಿಕ್ಕಿಸಿ ಸ್ವಿಚ್ ಒತ್ತಿಬಿಡುವುದು ಸಹಜವೇ ಹೌದು. ಆದರೆ ಇಪ್ಪತ್ತು ಮೂವತ್ತು ವರ್ಷ ಸುಮ್ಮನಿದ್ದ ಯಂತ್ರಕ್ಕಾಗಿ ಇನ್ನೊಂದು ದಿನ ಕಾಯುವುದು ದೊಡ್ಡ ಮಾತಲ್ಲ. ಅಷ್ಟು ವರ್ಷ ಕೆಡದೆ ಉಳಿದ ಕೀಬೋರ್ಡು ಆ ಮೊದಲ ಹತ್ತು ನಿಮಿಷಗಳ ಅವಸರದಲ್ಲಿ ಕೆಟ್ಟುಹೋಗಬಹುದು. ಆದ್ದರಿಂದ ಮೊದಲ ಸೂಚನೆ ಇಷ್ಟೇ: ಸ್ವಿಚ್ ಒತ್ತಬೇಡಿ. ಮೇಜಿನ ಮೇಲೆ ಒಂದು ಹಳೆಯ ಬಿಳಿ ಪಂಚೆಯನ್ನು ಹಾಸಿ, ಕೀಬೋರ್ಡನ್ನು ಅದರ ಮೇಲೆ ಮಗುಚಿ ಇಟ್ಟು, ಸೆಲ್ ಹಾಕುವ ಮುಚ್ಚಳವನ್ನು ತೆರೆಯಿರಿ.

ಇಲ್ಲಿ ಹೇಳುತ್ತಿರುವುದು ಮಡಿಲಲ್ಲಿಟ್ಟು ನುಡಿಸಬಹುದಾದ, ಸೆಲ್ಲಿನಿಂದಲೂ ನಡೆಯುವ, ಒಳಗೇ ಸ್ಪೀಕರ್ ಇರುವ ಸಣ್ಣ ಕೀಬೋರ್ಡುಗಳ ವಿಷಯ. ನಮ್ಮ ಕಡೆ ಇವುಗಳಿಗೆ ಕಂಪನಿ ಯಾವುದಾದರೂ ಹೆಸರು ಮಾತ್ರ 'ಕ್ಯಾಸಿಯೋ' ಎಂದೇ. ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ, ಸುಗಮ ಸಂಗೀತದ ವೇದಿಕೆಗಳಲ್ಲಿ 'ಕ್ಯಾಸಿಯೋ ನುಡಿಸುವವರು' ಎಂದರೆ ಕೀಬೋರ್ಡ್ ನುಡಿಸುವವರು ಎಂದೇ ಅರ್ಥವಾಗಿತ್ತು. ಆ ಹೆಸರಿಗೆ ಕಾರಣವೂ ಇದೆ. ಲೆಕ್ಕದ ಯಂತ್ರಗಳನ್ನು ಮಾಡುತ್ತಿದ್ದ ಜಪಾನಿನ ಕ್ಯಾಸಿಯೋ ಕಂಪನಿ 1980ರಲ್ಲಿ 'ಕ್ಯಾಸಿಯೋಟೋನ್ 201' ಎಂಬ ತನ್ನ ಮೊದಲ ಕೀಬೋರ್ಡನ್ನು ಮಾರುಕಟ್ಟೆಗೆ ತಂದಿತು. ಕಂಪನಿ ಕಟ್ಟಿದ ಕಾಶಿಯೋ ಸೋದರರಲ್ಲಿ ಒಬ್ಬರಾದ ತೋಶಿಯೋ ಕಾಶಿಯೋ ಅವರ ಆಲೋಚನೆ ಅದರ ಹಿಂದೆ ಇತ್ತು. ಯಾವುದೇ ವಾದ್ಯದ ಸದ್ದಿನಲ್ಲಿ ಮೊದಲು ಮೀಟುವ, ಊದುವ ಕ್ಷಣದ ಸದ್ದೊಂದು, ಆಮೇಲೆ ಎಳೆದುಕೊಂಡು ಹೋಗುವ ನಾದವೊಂದು ಇರುತ್ತವೆ. ಇವೆರಡನ್ನೂ ವ್ಯಂಜನ ಮತ್ತು ಸ್ವರಗಳಂತೆ ಬೇರೆಬೇರೆಯಾಗಿ ತಯಾರಿಸಿ ಕೂಡಿಸುವುದು ಆ ವಿಧಾನ. ಕಾಗುಣಿತ ತಿದ್ದಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: 'ಕ್' ಎಂಬುದಕ್ಕೆ 'ಅ' ಸೇರಿ 'ಕ' ಆಗುವ ಹಾಗೆಯೇ ಅಲ್ಲಿ ಪಿಯಾನೋ ಆಗುತ್ತಿತ್ತು, ಕೊಳಲು ಆಗುತ್ತಿತ್ತು.

ಆಮೇಲಿನ ಹತ್ತು ವರ್ಷ ಈ ಸಣ್ಣ ಯಂತ್ರಗಳ ಸುಗ್ಗಿ. 1981ರ ಎಂಟಿ-40ರಲ್ಲಿದ್ದ 'ರಾಕ್' ಎಂಬ ತಾಳದ ಗುಂಡಿಯನ್ನು ಸಿದ್ಧಪಡಿಸಿದವರು, ಆಗಷ್ಟೇ ಸಂಗೀತದ ಓದು ಮುಗಿಸಿ ಕ್ಯಾಸಿಯೋ ಸೇರಿದ್ದ ಹಿರೋಕೊ ಒಕುದಾ. ಅದೇ ತಾಳ 1985ರಲ್ಲಿ ಜಮೈಕಾದ ಒಂದು ಹಾಡಿಗೆ ತಳಹದಿಯಾಗಿ, ಆ ದೇಶದ ಸಂಗೀತವನ್ನೇ ಕಂಪ್ಯೂಟರ್ ಯುಗದತ್ತ ತಿರುಗಿಸಿತು. ಯಮಾಹಾ ಕಂಪನಿ 'ಪೋರ್ಟಾಸೌಂಡ್' ಹೆಸರಿನಲ್ಲಿ ತನ್ನದೇ ಸಣ್ಣ ಕೀಬೋರ್ಡುಗಳನ್ನು ಹೊರತಂದಿತು. ಅವುಗಳಲ್ಲಿ ಪಿಎಸ್‌ಎಸ್ ಸಾಲಿನ ಹಲವು ಮಾದರಿಗಳು ಎಫ್ಎಂ ವಿಧಾನದಿಂದ, ಅಂದರೆ ಒಂದು ಅಲೆಯಿಂದ ಇನ್ನೊಂದು ಅಲೆಯ ಕಂಪನವನ್ನು ಬದಲಿಸಿ, ಸದ್ದು ಮಾಡುತ್ತಿದ್ದುದರಿಂದ ಅವುಗಳ ಗಂಟೆಯಂಥ ದನಿಗೆ ಒಂದು ಹೊಳಪಿದೆ. 1980ರ ದಶಕದ ನಡುವೆ ಬಂದ ಕ್ಯಾಸಿಯೋ ಎಸ್‌ಕೆ-1 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅದರೊಳಗೆ ಕೂಡಿಸಿದ್ದ ಮೈಕಿನ ಮೂಲಕ ನಿಮ್ಮದೇ ಸದ್ದನ್ನು ಸುಮಾರು 1.4 ಸೆಕೆಂಡ್ ಹಿಡಿದಿಟ್ಟುಕೊಂಡು, ಅದನ್ನು 32 ಕೀಗಳ ಮೇಲೆ ಹರಡಿ ಕೊಡುತ್ತಿತ್ತು.

ನನ್ನ ಕಣ್ಣ ಮುಂದಿರುವುದು ಆ ಎಸ್‌ಕೆ-1. ಚಿಕ್ಕಪ್ಪ ಮಸ್ಕತ್ತಿನಿಂದ ರಜೆಗೆ ಬಂದಾಗ, ಟೇಪ್ ರೆಕಾರ್ಡರ್ ಮತ್ತು ಸೀರೆಗಳ ನಡುವೆ ಸುತ್ತಿಟ್ಟು ತಂದದ್ದು. ನಮ್ಮ ಅಜ್ಜಿ ತೋಟದಲ್ಲಿದ್ದವರನ್ನು ಊಟಕ್ಕೆ ಕರೆಯುವಾಗ ಅಂಗಳದ ತುದಿಯಲ್ಲಿ ನಿಂತು ಉದ್ದಕ್ಕೆ 'ಕೂ' ಎಂದು ಕೂಗುತ್ತಿದ್ದರು. ಒಂದು ಸಂಜೆ ಆ ಕೂಗನ್ನು ಅದರ ಮೈಕಿಗೆ ಕೊಟ್ಟೆವು. ಎಡತುದಿಯ ಕೀ ಒತ್ತಿದರೆ ಅಜ್ಜಿಯ ಕೂಗು ಗಂಡುದನಿಯಾಗಿ ನಿಧಾನಕ್ಕೆ ಎಳೆಯುತ್ತಿತ್ತು, ಬಲತುದಿಯಲ್ಲಿ ಹಕ್ಕಿಯಂತೆ ಚಿಲಿಪಿಲಿಯಾಗುತ್ತಿತ್ತು. ಅದನ್ನು ಬೇರೆಡೆ ಉಳಿಸಿಡುವ ವ್ಯವಸ್ಥೆ ಆ ಯಂತ್ರದಲ್ಲಿ ಇರಲಿಲ್ಲ. ಸೆಲ್ ಬದಲಿಸಿದ ದಿನ ದನಿ ಹೋಯಿತು. ಮೂರು ದಶಕ ಕಳೆದು ಅದನ್ನು ಮತ್ತೆ ತೆರೆದಾಗ ನಾನು ಕಲಿತದ್ದು, ಆಮೇಲೆ ನೆಂಟರ, ಸ್ನೇಹಿತರ ಮನೆಗಳ ಕೀಬೋರ್ಡುಗಳ ಮೇಲೆ ಮಾಡಿ ನೋಡಿದ್ದು ಇಲ್ಲಿದೆ.

ಸೆಲ್ಲಿನ ಮನೆ

ಮುಚ್ಚಳ ತೆರೆದಾಗ ಒಳಗೆ ಹಳೆಯ ಸೆಲ್ಲುಗಳು ಇದ್ದರೆ ಅವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಸೋರಿದ ಸೆಲ್ಲಿನ ಸುತ್ತ ಬಿಳಿಯ ಇಲ್ಲವೇ ಹಸಿರು ಬೂಷ್ಟಿನಂಥ ಪುಡಿ ಕಟ್ಟಿರುತ್ತದೆ. ಕೈಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವೊಂದನ್ನು ಕೈಗೆ ತೊಟ್ಟು ಸೆಲ್ಲುಗಳನ್ನು ತೆಗೆದು, ಒಣ ಹಲ್ಲುಜ್ಜುವ ಬ್ರಷ್ಷಿನಿಂದ ಪುಡಿಯನ್ನು ಹೊರಕ್ಕೆ ಗುಡಿಸಿ. ಗುಡಿಸುವಾಗ ಕೀಬೋರ್ಡನ್ನು ಓರೆಯಾಗಿ ಹಿಡಿದಿದ್ದರೆ ಪುಡಿ ಒಳಗಿನ ಬೋರ್ಡಿನ ಮೇಲೆ ಬೀಳುವುದಿಲ್ಲ.

ಮುಂದಿನ ಹಂತ ಯಾವ ಸೆಲ್ ಸೋರಿದೆ ಎಂಬುದರ ಮೇಲೆ ನಿಂತಿದೆ. ಆ ಕಾಲದಲ್ಲಿ ನಮ್ಮಲ್ಲಿ ಹೆಚ್ಚಾಗಿ ಸಿಗುತ್ತಿದ್ದ ಅಗ್ಗದ ಪೆನ್ಸಿಲ್ ಸೆಲ್ಲುಗಳು ಸತುವು ಮತ್ತು ಇಂಗಾಲದವು. ಅವುಗಳ ಸೋರಿಕೆ ಆಮ್ಲದ ಗುಣದ್ದಾದ್ದರಿಂದ ಅಡುಗೆ ಸೋಡಾವನ್ನು ಚೂರು ನೀರಿನಲ್ಲಿ ಕಲಸಿ ಹಚ್ಚಬೇಕು. ಆಲ್ಕಲೈನ್ ಎಂದು ಬರೆದಿರುವ ಸೆಲ್ಲಿನಿಂದ ಸೋರುವುದು ಕ್ಷಾರ. ಅದಕ್ಕೆ ನಿಂಬೆರಸ ಅಥವಾ ವಿನೆಗರ್ ಬೇಕು. ಎರಡರಲ್ಲಿ ಯಾವುದನ್ನೇ ಬಳಸಿದರೂ ಹತ್ತಿಕಡ್ಡಿಯ ತುದಿಯನ್ನಷ್ಟೇ ಅದ್ದಿ, ಸ್ಪ್ರಿಂಗ್ ಮತ್ತು ತಗಡಿನ ಮೇಲೆ ಮಾತ್ರ ಸವರಬೇಕು. ನೀರಿನಂತೆ ಸುರಿಯುವುದು ಖಂಡಿತ ಕೂಡದು. ಸಣ್ಣಗೆ ನೊರೆಯೆದ್ದು ನಿಂತ ಮೇಲೆ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಬೇಕು. ಈ ದ್ರವ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಲ್ಲಿ 'ಐಪಿಎ' ಎಂಬ ಹೆಸರಿನಲ್ಲಿ ಸಿಗುತ್ತದೆ. ನೀರಿನ ಅಂಶ ಕಡಿಮೆ ಇರುವುದನ್ನೇ ಕೇಳಿ ತನ್ನಿ. ಕೆಲಸ ಮಾಡುವಾಗ ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಇರದಿರಲಿ. ತುಕ್ಕು ತಿಂದು ಸ್ಪ್ರಿಂಗ್ ಮುರಿದೇ ಹೋಗಿದ್ದರೆ ಗಾಬರಿಯಾಗಬೇಕಿಲ್ಲ, ಬೇರೆ ಸ್ಪ್ರಿಂಗನ್ನು ಕೂರಿಸಿ ಬೆಸುಗೆ ಹಾಕಬಹುದು.

ವಿದ್ಯುತ್ತು ಕೊಡುವ ಮುನ್ನ

ನನ್ನ ಮನಸ್ಸಿಗೆ ಇಂದಿಗೂ ನೋವು ಕೊಡುವ ಒಂದು ತಪ್ಪನ್ನು ಹೇಳಬೇಕು. ಸ್ನೇಹಿತರೊಬ್ಬರು ನಂಬಿ ಕೊಟ್ಟಿದ್ದ ಹಳೆಯ ಕ್ಯಾಸಿಯೋಗೆ ನಾನು ಮನೆಯಲ್ಲಿದ್ದ ಅಡಾಪ್ಟರನ್ನು ಸಿಕ್ಕಿಸಿದೆ. ಪಿನ್ ಸರಿಯಾಗಿ ಕೂತಿತು, ವೋಲ್ಟೂ ಸರಿ ಇತ್ತು. ಆದರೆ ದೀಪ ಹೊತ್ತಲಿಲ್ಲ. ಕ್ಷಣದಲ್ಲೇ ಬಿಸಿಯಾದ ವಾಸನೆ ಬಂತು. ಅಡಾಪ್ಟರಿನ ಪಿನ್ನಿನಲ್ಲಿ ಒಳಗಿನ ತೂತು ಧನ, ಹೊರಗಿನ ಸುತ್ತು ಋಣ ಆಗಿರುವುದು ಇಂದಿನ ಹೆಚ್ಚಿನ ಉಪಕರಣಗಳ ರೂಢಿ. ಹಳೆಯ ಕ್ಯಾಸಿಯೋಗಳಲ್ಲಿ ಇದು ತಿರುವುಮುರುವು: ಒಳಗೆ ಋಣ, ಹೊರಗೆ ಧನ. ಯಮಾಹಾ ಕೀಬೋರ್ಡುಗಳಲ್ಲಿ ಸಾಮಾನ್ಯವಾಗಿ ಒಳಗಿನದೇ ಧನ. ಹೀಗಾಗಿ ಒಂದರ ಅಡಾಪ್ಟರನ್ನು ಇನ್ನೊಂದಕ್ಕೆ ಹಾಕುವುದು ಅಪಾಯ.

ಕೀಬೋರ್ಡಿನ ಹಿಂದೆ, ಪಿನ್ ಹಾಕುವ ರಂಧ್ರದ ಪಕ್ಕದಲ್ಲಿ ಒಂದು ಚುಕ್ಕೆ, ಅದರ ಸುತ್ತ ಅರ್ಧಚಂದ್ರದಂಥ ಗೆರೆ, ಎರಡರಿಂದಲೂ ಹೊರಟ ಗೆರೆಗಳ ತುದಿಯಲ್ಲಿ ಕೂಡುವ ಮತ್ತು ಕಳೆಯುವ ಚಿಹ್ನೆಗಳು ಇರುತ್ತವೆ. ಚುಕ್ಕೆ ಎಂದರೆ ಪಿನ್ನಿನ ಒಳಭಾಗ. ಈ ಚಿತ್ರವೂ ಅದರ ಪಕ್ಕದ ವೋಲ್ಟಿನ ಅಂಕಿಯೂ ಅಡಾಪ್ಟರಿನ ಮೇಲಿನ ಚಿತ್ರ ಮತ್ತು ಅಂಕಿಗೆ ಹೊಂದಬೇಕು. ಅಡಾಪ್ಟರಿನ ಬರಹ ಅಳಿಸಿಹೋಗಿದ್ದರೆ ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ಪಿನ್ನಿನ ಒಳಗೂ ಕಪ್ಪು ಕಡ್ಡಿಯನ್ನು ಹೊರಗೂ ತಾಗಿಸಿ ನೋಡಿ. ಅಂಕಿಯ ಹಿಂದೆ ಕಳೆಯುವ ಚಿಹ್ನೆ ಬಂದರೆ ಒಳಭಾಗ ಋಣ ಎಂದು ಅರ್ಥ. ಪಿನ್ ಸಡಿಲವಾಗಿದೆ ಎಂದು ಕಾಗದ ಸುತ್ತಿ ತುರುಕುವ ಅಭ್ಯಾಸವನ್ನು ಹಲವು ಕಡೆ ಕಂಡಿದ್ದೇನೆ; ದಯವಿಟ್ಟು ಹಾಗೆ ಮಾಡಬೇಡಿ.

ಇಷ್ಟೆಲ್ಲ ತಲೆನೋವು ಬೇಡವೆಂದರೆ ಮೊದಲ ಪರೀಕ್ಷೆಯನ್ನು ಹೊಸ ಸೆಲ್ಲುಗಳಿಂದಲೇ ಮಾಡಿ. ನಾನೀಗ ಯಾವಾಗಲೂ ಹಾಗೆಯೇ ಮಾಡುತ್ತೇನೆ. ಎಸ್‌ಕೆ-1ಕ್ಕೆ ಐದು ಪೆನ್ಸಿಲ್ ಸೆಲ್ ಬೇಕು, ಅಂದರೆ 7.5 ವೋಲ್ಟ್; ಆರು ಸೆಲ್ ಹಿಡಿಯುವವಕ್ಕೆ 9 ವೋಲ್ಟ್. ಚಾರ್ಜ್ ಮಾಡುವ ಸೆಲ್ಲುಗಳು ತಲಾ 1.2 ವೋಲ್ಟ್ ಮಾತ್ರ ಕೊಡುವುದರಿಂದ ಐದು ಸೇರಿದರೂ 6 ವೋಲ್ಟೇ ಆಗುತ್ತದೆ. ಕೆಲವು ಕೀಬೋರ್ಡುಗಳು ಅಷ್ಟರಲ್ಲೇ ತೃಪ್ತಿಯಿಂದ ನಡೆಯುತ್ತವೆ, ಕೆಲವು ಜೋರಾಗಿ ನುಡಿಸಿದ ಕೂಡಲೇ ಸೊರಗುತ್ತವೆ. ಮೊದಲ ಪರೀಕ್ಷೆಗೆ ಅವು ಬೇಡ. ಹೊಸ ಸೆಲ್ ಹಾಕಿದರೂ ಜೀವ ಬರದೆ ಅಡಾಪ್ಟರಿನಿಂದ ಮಾತ್ರ ಬಂದರೆ, ತಪ್ಪು ಅಡಾಪ್ಟರಿನ ರಂಧ್ರದಲ್ಲೇ ಇರಬಹುದು. ಪಿನ್ ಹೊಕ್ಕಾಗ ಸೆಲ್ಲಿನ ಸಂಪರ್ಕ ಕಡಿಯಲಿ ಎಂದು ಅದರೊಳಗೆ ಒಂದು ಸಣ್ಣ ತಗಡು ಇರುತ್ತದೆ, ಅದಕ್ಕೆ ಕಿಲುಬು ಹಿಡಿದರೆ ಪಿನ್ ಇಲ್ಲದಾಗಲೂ ಸೆಲ್ ಕಡಿದೇ ಇರುತ್ತದೆ. ಪಿನ್ನನ್ನು ಹತ್ತಿಪ್ಪತ್ತು ಸಲ ಹಾಕಿ ತೆಗೆದರೆ ಎಷ್ಟೋ ಬಾರಿ ಅದು ಸರಿಹೋಗುತ್ತದೆ.

ಕೀಗಳನ್ನು ರಾಗದಲ್ಲಿ ಪರೀಕ್ಷಿಸುವುದು

ದೀಪ ಹೊತ್ತಿ ಸದ್ದು ಬಂದರೆ, ಕೀಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಒತ್ತುವುದಕ್ಕಿಂತ ಹಿತವಾದ ದಾರಿಯೊಂದಿದೆ. ಎರಡು ಕಪ್ಪು ಕೀಗಳ ಗುಂಪಿನ ಎಡಕ್ಕೇ ಇರುವ ಬಿಳಿಯ ಕೀ ಸಿ. ಮೊದಲು ಬಿಳಿಯ ಕೀಗಳಲ್ಲಿ ಸಿ ಇಂದ ಸಿ ವರೆಗೆ ಶಂಕರಾಭರಣದ ಆರೋಹಣ, ಅವರೋಹಣ ನುಡಿಸಿ. ಆಮೇಲೆ ಮೂರು ಕಪ್ಪು ಕೀಗಳ ಗುಂಪಿನ ಮೊದಲನೆಯದನ್ನು ಷಡ್ಜವೆಂದು ಹಿಡಿದು ಕಪ್ಪು ಕೀಗಳನ್ನಷ್ಟೇ ನುಡಿಸುತ್ತಾ ಹೋಗಿ, ಅದು ಮೋಹನ. ಅದೇ ಕಪ್ಪು ಕೀಗಳಲ್ಲಿ ಗುಂಪಿನ ಎರಡನೆಯದು ಷಡ್ಜವಾದರೆ ಮಧ್ಯಮಾವತಿ, ಮೂರನೆಯದಾದರೆ ಹಿಂದೋಳ. ಎರಡು ಕಪ್ಪು ಕೀಗಳ ಗುಂಪಿನ ಮೊದಲನೆಯದರಿಂದ ಹೊರಟರೆ ಶುದ್ಧ ಸಾವೇರಿ, ಎರಡನೆಯದರಿಂದ ಹೊರಟರೆ ಶುದ್ಧ ಧನ್ಯಾಸಿ. ಹೀಗೆ ಐದು ರಾಗ ಮುಗಿಯುವ ಹೊತ್ತಿಗೆ ಕಪ್ಪು ಕೀಗಳೆಲ್ಲ ಹಲವು ಬಾರಿ ಒತ್ತಲ್ಪಟ್ಟಿರುತ್ತವೆ. ನುಡಿಯದ ಸ್ವರ ರಾಗದ ನಡುವೆ ಹಲ್ಲುದುರಿದ ಹಾಗೆ ತಾನಾಗಿ ಗೊತ್ತಾಗುತ್ತದೆ. ಎಸ್‌ಕೆ-1ರ 32 ಕೀಗಳಲ್ಲಿ 19 ಬಿಳಿ, 13 ಕಪ್ಪು. ಕಾಗದದ ಮೇಲೆ ಅವುಗಳ ಚಿತ್ರ ಬರೆದುಕೊಂಡು, ನುಡಿಯದವಕ್ಕೆ ಅಡ್ಡಗೆರೆ, ಜೋರಾಗಿ ಒತ್ತಿದರೆ ಮಾತ್ರ ನುಡಿಯುವವಕ್ಕೆ ಚುಕ್ಕೆ ಹಾಕಿ.

ಆ ಕಾಗದವೇ ಅರ್ಧ ರೋಗನಿರ್ಣಯ. ಅಲ್ಲೊಂದು ಇಲ್ಲೊಂದು ಕೀ ಸತ್ತಿದ್ದರೆ ಅದು ಕೊಳೆ; ನೀವೇ ಸರಿಪಡಿಸಬಹುದು. ಸಮಾನ ಅಂತರದಲ್ಲಿ, ಅಥವಾ ಅಕ್ಕಪಕ್ಕದ ಆರೆಂಟು ಕೀಗಳು ಸಾಲಾಗಿ ಸತ್ತಿದ್ದರೆ ಅದು ಕೊಳೆಯಲ್ಲ. ಒಂದೊಂದು ಕೀಗೂ ಒಂದೊಂದು ತಂತಿ ಎಳೆಯುವ ಬದಲು ಇವುಗಳಲ್ಲಿ ಕೀಗಳನ್ನು ಅಡ್ಡಸಾಲು ಉದ್ದಸಾಲುಗಳಲ್ಲಿ ಜೋಡಿಸಿರುತ್ತಾರೆ. ಒಂದು ಸಾಲಿನ ತಂತಿ ಕಡಿದರೆ ಆ ಸಾಲಿನ ಕೀಗಳೆಲ್ಲ ಒಟ್ಟಿಗೆ ಮೂಕವಾಗುತ್ತವೆ. ಅಂಥಲ್ಲಿ ಕೀಗಳನ್ನು ಎಷ್ಟು ಉಜ್ಜಿದರೂ ಫಲವಿಲ್ಲ, ತಂತಿಯ ಜಾಡು ಹಿಡಿಯಬೇಕು.

ತೆರೆಯುವುದು ಮತ್ತು ಒರೆಸುವುದು

ಇನ್ನು ಕೀಬೋರ್ಡನ್ನು ತೆರೆಯುವ ಕೆಲಸ. ಸೆಲ್ಲುಗಳನ್ನು ತೆಗೆದಿಡಿ, ಅಡಾಪ್ಟರ್ ಬಿಡಿಸಿ. ಸರಿಯಾದ ಅಳತೆಯ ಸ್ಟಾರ್ ಸ್ಕ್ರೂಡ್ರೈವರಿನಿಂದ ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ. ಉದ್ದದವು ಮತ್ತು ಗಿಡ್ಡದವು ಬೇರೆಬೇರೆ ಜಾಗಕ್ಕೆ ಸೇರಿದವು. ಒಂದು ರಟ್ಟಿನ ಮೇಲೆ ಕೀಬೋರ್ಡಿನ ಆಕಾರ ಬರೆದು, ಸ್ಕ್ರೂ ಇದ್ದ ಜಾಗದಲ್ಲೇ ರಟ್ಟಿಗೆ ಚುಚ್ಚಿಟ್ಟರೆ ಗೊಂದಲವಿರುವುದಿಲ್ಲ. ಎರಡು ಹೋಳುಗಳನ್ನು ಪುಸ್ತಕದಂತೆ ನಿಧಾನವಾಗಿ ತೆರೆಯಿರಿ, ಏಕೆಂದರೆ ಸ್ಪೀಕರಿನ ತಂತಿಗಳು ಒಂದರಿಂದ ಇನ್ನೊಂದಕ್ಕೆ ಹೋಗಿರುತ್ತವೆ. ಒಳಗೆ ಏನು ಕಂಡರೂ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಕರಾವಳಿಯ, ಮಲೆನಾಡಿನ ಮನೆಗಳ ಕೀಬೋರ್ಡಿನಲ್ಲಿ ಹಲ್ಲಿಯ ಮೊಟ್ಟೆಯ ಓಡು, ಇರುವೆಯ ಮಣ್ಣು, ಬೂಷ್ಟು ಕಾಣುವುದು ಮಾಮೂಲು. ಮೆತ್ತನೆಯ ಬಣ್ಣದ ಬ್ರಷ್ಷಿನಿಂದ ಅವನ್ನೆಲ್ಲ ತೆಗೆಯಿರಿ. ಬೋರ್ಡುಗಳ ನಡುವೆ ಚಪ್ಪಟೆಯಾದ ಪಟ್ಟಿಯಂಥ ತಂತಿಗಳಿದ್ದರೆ ಅವನ್ನು ಎಳೆಯಬೇಡಿ, ಮಡಿಸಬೇಡಿ. ಕೆಲವದರ ತುದಿಯನ್ನು ಬಿಸಿಯಿಂದ ಅಂಟಿಸಿರುತ್ತಾರೆ, ಒಮ್ಮೆ ಕಿತ್ತರೆ ಮತ್ತೆ ಕೂರಿಸುವುದು ಬಹಳ ಕಷ್ಟ.

ಕೀಗಳ ಕೆಳಗಿನ ಬೋರ್ಡನ್ನು ಬಿಚ್ಚಿದರೆ ತಿಳಿಬಣ್ಣದ ರಬ್ಬರ್ ಪಟ್ಟಿ ಕಾಣುತ್ತದೆ. ಇದೇ ಈ ವಾದ್ಯದ ಜೀವ ಇರುವ ಜಾಗ. ಪಟ್ಟಿಯ ಮೇಲೆ ಪ್ರತಿ ಕೀಗೂ ಒಂದೊಂದು ಪುಟ್ಟ ಗುಮ್ಮಟ, ಗುಮ್ಮಟದ ಒಳಗೆ ಕಪ್ಪು ಇಂಗಾಲದ ಬೊಟ್ಟು, ಅದರ ನೇರಕ್ಕೆ ಬೋರ್ಡಿನ ಮೇಲೆ ಬಾಚಣಿಗೆಯ ಹಲ್ಲುಗಳಂತೆ ಒಂದರೊಳಗೊಂದು ಸೇರಿಯೂ ತಾಗದ ಎರಡು ಗೆರೆಗಳು. ಬೆರಳು ಒತ್ತಿದಾಗ ಗುಮ್ಮಟ ಕುಸಿದು, ಬೊಟ್ಟು ಆ ಎರಡು ಗೆರೆಗಳನ್ನು ಕೂಡಿಸುತ್ತದೆ. ನಡುವೆ ಧೂಳಿನ ಒಂದು ಪೊರೆ ಕೂತರೂ ಸಾಕು, ಸ್ವರ ನಿಂತುಹೋಗುತ್ತದೆ. ಪಟ್ಟಿಯನ್ನು ಒಂದು ತುದಿಯಿಂದ ಮೆಲ್ಲನೆ ಎಬ್ಬಿಸಿ ತೆಗೆಯಿರಿ. ಅದರ ಕೆಳಗಿನ ಮೊಳೆಯಂಥ ರಬ್ಬರ್ ಬಾಲಗಳು ಬೋರ್ಡಿನ ತೂತುಗಳಲ್ಲಿ ಸಿಕ್ಕಿರುತ್ತವೆ, ಜಗ್ಗಿದರೆ ತುಂಡಾಗುತ್ತವೆ. ಬೋರ್ಡಿನ ಗೆರೆಗಳನ್ನು ಐಪಿಎ ಸೋಕಿಸಿದ ಹತ್ತಿಕಡ್ಡಿಯಿಂದ, ಮಗುವಿನ ಕಿವಿ ಒರೆಸುವಷ್ಟು ಹಗುರವಾಗಿ ಒರೆಸಿ. ಹತ್ತಿಯ ಮೇಲೆ ಬೂದುಬಣ್ಣ ಬಂದರೆ ಅದು ಧೂಳು. ಕಡುಗಪ್ಪು ಬಂದರೆ ಇಂಗಾಲವೇ ಸವೆಯುತ್ತಿದೆ ಎಂದು ತಿಳಿದು ಕೂಡಲೇ ನಿಲ್ಲಿಸಿ. ರಬ್ಬರಿನ ಬೊಟ್ಟುಗಳನ್ನು ಉಜ್ಜುವುದೇ ಬೇಡ, ಒಣ ಬಟ್ಟೆಯನ್ನು ಒಮ್ಮೆ ತಾಗಿಸಿದರೆ ಸಾಕು. ಮರಳುಕಾಗದ, ಪೆಟ್ರೋಲ್, ಉಗುರುಬಣ್ಣ ತೆಗೆಯುವ ದ್ರವ, ತುಕ್ಕು ಬಿಡಿಸುವ ಎಣ್ಣೆ ಇವು ಯಾವುವೂ ಇದರ ಹತ್ತಿರ ಸುಳಿಯಬಾರದು.

ಮರಳಿ ಕೂರಿಸುವಾಗ ಎಲ್ಲ ಬಾಲಗಳೂ ತೂತಿನೊಳಗೆ ಪೂರ್ತಿ ಇಳಿದಿವೆಯೇ ಎಂದು ಹಿಂದಿನಿಂದ ನೋಡಿ. ಒಂದು ಬಾಲ ಎದ್ದಿದ್ದರೂ ಆ ಕೀ ಒತ್ತಿದ ಹಾಗೆಯೇ ಇದ್ದು ಸ್ವರ ನಿಲ್ಲದೆ ಕೂಗುತ್ತದೆ. ಪ್ಲಾಸ್ಟಿಕ್ಕಿಗೆ ಸ್ಕ್ರೂ ಹಾಕುವ ಕ್ರಮವೊಂದಿದೆ: ಮೊದಲು ಎಡಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ ಮೆಲ್ಲನೆ ತಿರುಗಿಸಿ. ಒಂದು ಹಂತದಲ್ಲಿ ಸ್ಕ್ರೂ 'ಟಕ್' ಎಂದು ಸಣ್ಣಗೆ ಕೆಳಗಿಳಿಯುತ್ತದೆ. ಹಳೆಯ ಮರೆ, ಅಂದರೆ ಸ್ಕ್ರೂ ಮೊದಲು ಕೊರೆದ ಸುರುಳಿ ಗೆರೆ, ಸಿಕ್ಕಿತು ಎಂಬುದರ ಗುರುತು ಅದು. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಹೊಸ ಮರೆ ಕೊರೆಯದೆ ಹಳೆಯದರಲ್ಲೇ ಹೋಗಿ ಕೂರುತ್ತದೆ. ಈ ಅಭ್ಯಾಸವಿಲ್ಲದೆ ಮೂರು ನಾಲ್ಕು ಬಾರಿ ಬಿಚ್ಚಿ ಹಾಕಿದ ಕೀಬೋರ್ಡಿನ ಹಿಂಬದಿಯಲ್ಲಿ ಒಂದು ಸ್ಕ್ರೂ ಕೂಡ ಬಿಗಿ ಹಿಡಿಯುವುದಿಲ್ಲ.

ಸದ್ದಿನ ದೋಷಗಳು

ವಾಲ್ಯೂಮ್ ಸರಿಸುವಾಗ ಕರಕರ ಸದ್ದು ಬಂದರೆ ಎಲೆಕ್ಟ್ರಾನಿಕ್ಸ್‌ಗೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರನ್ನು ಒಂದು ಹನಿಯಷ್ಟು ಸಿಂಪಡಿಸಿ, ಗುಂಡಿಯನ್ನು ತುದಿಯಿಂದ ತುದಿಗೆ ಮೂವತ್ತು ಸಲ ಸರಿಸಿ, ಒಣಗಲು ಬಿಡಿ. ವಾದ್ಯ ಆರಿಸುವ, ತಾಳ ಆರಿಸುವ ಸರಿಗುಂಡಿಗಳಿಗೂ ಇದೇ ಮದ್ದು. ಹಿನ್ನೆಲೆಯಲ್ಲಿ 'ಗುಂಯ್' ಎಂಬ ಸದ್ದಿದ್ದರೆ ಅಡಾಪ್ಟರ್ ತೆಗೆದು ಸೆಲ್ಲಿನಿಂದ ನಡೆಸಿ ನೋಡಿ. ಆಗ ಅದು ಮಾಯವಾದರೆ ತಪ್ಪು ಅಡಾಪ್ಟರಿನ ಕಡೆಯದು. ಸೆಲ್ಲಿನಲ್ಲೂ ದನಿ ಸಣ್ಣಗಾಗಿ, ಮಂಕಾಗಿ ಬರುತ್ತಿದ್ದರೆ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು, ಅಂದರೆ ವಿದ್ಯುತ್ತನ್ನು ಹಿಡಿದಿಟ್ಟು ಕೊಡುವ ಪುಟ್ಟ ಡಬ್ಬಿಯಂಥ ಬಿಡಿಭಾಗಗಳು, ಒಣಗಿರುವ ಸಾಧ್ಯತೆ ಹೆಚ್ಚು. ಬೆಸುಗೆ ಹಾಕಲು ಬಲ್ಲವರು ಅವನ್ನು ಬದಲಿಸಬಹುದು: ಮೈಕ್ರೊಫ್ಯಾರಡ್ ಅಂಕಿ ಹಳೆಯದರಷ್ಟೇ ಇರಬೇಕು, ವೋಲ್ಟಿನ ಅಂಕಿ ಅಷ್ಟೇ ಅಥವಾ ಹೆಚ್ಚು ಇರಬೇಕು, ಋಣದ ಪಟ್ಟಿ ಇರುವ ಕಾಲು ಮೊದಲಿನ ಕಡೆಗೇ ಬರಬೇಕು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಅಂಗಡಿಸಾಲಿನಲ್ಲಿ ಇವೆಲ್ಲ ಸಿಗುತ್ತವೆ. ಬೇರೆ ಊರುಗಳಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡುವ ಹಿರಿಯರನ್ನು ಹುಡುಕಿ. ಈ ಬೋರ್ಡುಗಳ ಕಾಲದಲ್ಲೇ ಕೈ ಪಳಗಿಸಿಕೊಂಡವರು ಅವರು, ಮತ್ತು ಇಂಥದ್ದೊಂದನ್ನು ಮುಂದಿಟ್ಟರೆ ಅವರ ಮುಖ ಅರಳುವುದನ್ನು ನಾನು ಕಂಡಿದ್ದೇನೆ.

ಸ್ಪೀಕರಿನ ಕಾಗದ ಹರಿದಿದ್ದರೆ ತೆಳು ಕಾಗದವನ್ನು ನೀರಾದ ಫೆವಿಕಾಲ್‌ನಿಂದ ಅಂಟಿಸಿದರೆ ಸಾಕಾಗುತ್ತದೆ. ಆದರೆ ಸದ್ದು ಹುಟ್ಟಿಸುವ ಮುಖ್ಯ ಚಿಪ್ಪೇ ಸತ್ತಿದ್ದರೆ ಉಪಾಯವಿಲ್ಲ. ಅದು ಹೆಚ್ಚಾಗಿ ಆಯಾ ಕಂಪನಿ ತನ್ನ ಕೀಬೋರ್ಡುಗಳಿಗೆಂದೇ ಮಾಡಿಸಿದ್ದು, ಅಂಗಡಿಯಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ. ಅಂಥ ಕೀಬೋರ್ಡನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳಿ. ಅದರ ಕೀಗಳು, ರಬ್ಬರ್ ಪಟ್ಟಿ, ಮುಚ್ಚಳ ಇನ್ನೊಂದಕ್ಕೆ ಜೀವ ಕೊಡುತ್ತವೆ.

ಹೊರಮೈಯ ಹಳದಿಯ ಬಗ್ಗೆ ಹಲವರು ಕೇಳುತ್ತಾರೆ. ಬಿಸಿಲು ಮತ್ತು ಪ್ಲಾಸ್ಟಿಕ್ಕಿಗೆ ಬೆರೆಸಿದ ಬೆಂಕಿನಿರೋಧಕಗಳಿಂದ ಬರುವ ಈ ಬಣ್ಣವನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬೆಳಕಿಗಿಟ್ಟು ತೆಗೆಯುವವರಿದ್ದಾರೆ. ನಾನು ಮಾಡುವುದಿಲ್ಲ. ಪ್ಲಾಸ್ಟಿಕ್ಕು ಪೆಡಸಾಗುವ, ಅಲ್ಲಲ್ಲಿ ಬಿಳಿಚುವ ಅಪಾಯವಿದೆ. ಅದೂ ಅಲ್ಲದೆ ಕಿಟಕಿಯ ಪಕ್ಕ ಇದ್ದ ಭಾಗ ಮಾತ್ರ ಹಳದಿಯಾಗಿರುವುದು ಅದು ಮನೆಯಲ್ಲಿ ಎಲ್ಲಿತ್ತು ಎಂಬುದನ್ನು ಹೇಳುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸುವುದು ಸಾಕು.

ನುಡಿಸುವುದು

ಸರಿಯಾದ ಕೀಬೋರ್ಡಿನ ಮುಂದೆ ಕೂತಾಗ ಮೊದಲ ನಿಮಿಷ ನಿರಾಸೆಯಾಗಬಹುದು. ನೆನಪಿನಲ್ಲಿದ್ದ ಪಿಯಾನೋ ಇಷ್ಟು ತೆಳುವಾಗಿರಲಿಲ್ಲ ಎನಿಸುತ್ತದೆ, ದೊಡ್ಡವರ ಬೆರಳಿಗೆ ಪುಟ್ಟ ಕೀಗಳು ಇಕ್ಕಟ್ಟಾಗುತ್ತವೆ. ಅದನ್ನು ಇಂದಿನ ಕೀಬೋರ್ಡಿನ ಹಾಗೆ ನುಡಿಸಲು ಹೋದರೆ ಆ ನಿರಾಸೆ ಹೋಗುವುದಿಲ್ಲ. ಇವುಗಳಲ್ಲಿ ಹೆಚ್ಚಿನವಕ್ಕೆ ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ದನಿ, ಹಾರ್ಮೋನಿಯಂನ ಮನೆಗಳಿದ್ದಂತೆ. ಆದ್ದರಿಂದ ಭಾವವನ್ನು ಒತ್ತಡದಿಂದಲ್ಲ, ಕಾಲದಿಂದ ತರಬೇಕು: ಯಾವ ಸ್ವರವನ್ನು ಎಷ್ಟು ಹೊತ್ತು ಹಿಡಿದಿರುತ್ತೀರಿ, ಎಲ್ಲಿ ಬೆರಳೆತ್ತುತ್ತೀರಿ ಎಂಬುದರಿಂದ. ಸ್ವರವನ್ನು ಜಾರಿಸುವ ಚಕ್ರ ಇಲ್ಲದಿರುವುದರಿಂದ ತೋಡಿ ರಾಗದ ಗಾಂಧಾರದಲ್ಲಿ ಬರುವಂಥ, ಸ್ವರವನ್ನು ತೂಗುವ ಗಮಕವನ್ನು ಇದರಿಂದ ನಿರೀಕ್ಷಿಸುವುದು ಸರಿಯಲ್ಲ. ಜಂಟಿವರಸೆ, ದಾಟುವರಸೆ, ಚುರುಕಾದ ಗೀತೆಗಳು, ಭಾವಗೀತೆಯ ನಡುವಿನ ಹಿನ್ನೆಲೆಯ ತುಣುಕುಗಳು ಇವಕ್ಕೆ ಚೆನ್ನಾಗಿ ಒಪ್ಪುತ್ತವೆ.

ಒಂದೇ ಹೊತ್ತಿಗೆ ಎಷ್ಟು ಸ್ವರ ನುಡಿಯುತ್ತದೆ ಎಂಬುದನ್ನೂ ಅರಿತಿರಬೇಕು. ಎಸ್‌ಕೆ-1ರಲ್ಲಿ ನಾಲ್ಕು. ಷಡ್ಜ ಪಂಚಮಗಳನ್ನು ಶ್ರುತಿಗೆಂದು ಹಿಡಿದರೆ ರಾಗಕ್ಕೆ ಉಳಿಯುವುದು ಎರಡೇ. ಶ್ರುತಿಗೆ ಬೇರೆ ಪೆಟ್ಟಿಗೆ ಇಟ್ಟುಕೊಳ್ಳುವುದು ಮೇಲು, ಅದರ ಶ್ರುತಿಯನ್ನು ಕೀಬೋರ್ಡಿಗೆ ಹೊಂದಿಸುವುದು ಇನ್ನೂ ಮೇಲು. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದು ಎನ್ನುವುದು ಇಲ್ಲಿನ ಸಿ, ಕಪ್ಪು ಒಂದು ಎನ್ನುವುದು ಅದರ ಪಕ್ಕದ ಕಪ್ಪು ಕೀ. ಭಜನೆಗೋ ಹಾಡಿಗೋ ಜೊತೆ ನೀಡುವಾಗ ಒಳಗಿನ ತಾಳವನ್ನು ನಿಧಾನದ ತುದಿಗೆ ಇಳಿಸಿ ಆರಂಭಿಸಿ. ಆ ಟಿಕ್ ಟಿಕ್ ಸದ್ದನ್ನು ಅನುಸರಿಸುತ್ತಾ ಹತ್ತು ನಿಮಿಷ ನುಡಿಸಿದರೆ, ಬೆರಳುಗಳು ಹಳೆಯ ದಾರಿಯನ್ನು ತಾವೇ ಹುಡುಕಿಕೊಳ್ಳುತ್ತವೆ.

ದನಿ ಹಿಡಿದಿಡುವುದು

ಕೀಬೋರ್ಡು ನುಡಿಯತೊಡಗಿದ ವಾರದಲ್ಲೇ ಅದರ ದನಿಗಳನ್ನೆಲ್ಲ ರೆಕಾರ್ಡ್ ಮಾಡಿಕೊಳ್ಳಿ, ಮುಂದಕ್ಕೆ ಹಾಕಬೇಡಿ. ಹೆಡ್‌ಫೋನಿನ ರಂಧ್ರದಿಂದ ಕಂಪ್ಯೂಟರಿಗೆ ಕೊಡುವಾಗ ಒಂದೇ ಕಿವಿಯಲ್ಲಿ ಸದ್ದು ಬಂದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಹಳೆಯವುಗಳಲ್ಲಿ ಹಲವು ಮೋನೋ, ಅಂದರೆ ಎಡಬಲ ಬೇರೆಯಿಲ್ಲದೆ ಒಂದೇ ಸದ್ದು ಕೊಡುವಂಥವು; ಅದಕ್ಕೆ ತಕ್ಕ ಕನೆಕ್ಟರ್ ಹಾಕಿದರೆ ಎರಡೂ ಕಡೆ ಬರುತ್ತದೆ. ಒಂದೊಂದು ವಾದ್ಯದ ದನಿಯಲ್ಲೂ ಕೆಳಗಿನ, ನಡುವಿನ, ಮೇಲಿನ ಷಡ್ಜ, ಒಂದೊಂದು ತಾಳವೂ ಒಂದು ನಿಮಿಷ. ಎಂಪಿ3 ಬದಲು ವೇವ್ ಕಡತವಾಗಿ ಉಳಿಸಿ, ಪ್ರತಿಯೊಂದಕ್ಕೂ ದನಿಯ ಹೆಸರನ್ನೇ ಇಡಿ. ಇದಾದ ಮೇಲೆ ಮೊಬೈಲನ್ನು ಕೀಬೋರ್ಡಿನಿಂದ ಒಂದಡಿ ದೂರ ಇಟ್ಟು, ಅದರದೇ ಸ್ಪೀಕರಿನಿಂದ ಬರುವ ಸದ್ದನ್ನೂ ಬೇರೆಯಾಗಿ ರೆಕಾರ್ಡ್ ಮಾಡಿ. ತಂತಿಯಿಂದ ಬರುವ ಸದ್ದು ಶುದ್ಧವಾಗಿರುತ್ತದೆ ನಿಜ, ಆದರೆ ನಾವು ಚಾಪೆಯ ಮೇಲೆ ಕೂತು ಕೇಳಿದ್ದು ಆ ಅಂಗೈಯಗಲದ ಸ್ಪೀಕರಿನ ಸದ್ದನ್ನು, ಕೀಗಳ ಕಟಕಟದ ಸಮೇತ. ಎಸ್‌ಕೆ-1ರಂಥ ಯಂತ್ರ ನಿಮ್ಮಲ್ಲಿದ್ದರೆ ಮನೆಯ ಹಿರಿಯರ ದನಿಯನ್ನು ಅದಕ್ಕೆ ಕೊಡುವ ಮೊದಲೇ ಮೊಬೈಲಿನ ರೆಕಾರ್ಡಿಂಗ್ ಶುರುವಾಗಿರಲಿ.

ಮತ್ತೆ ಎತ್ತಿಡುವಾಗ ಹೆಂಚಿನ ಕೆಳಗಿನ ಅಟ್ಟ ಬೇಡ. ಬೇಸಿಗೆಯ ಕಾವು, ಮಳೆಗಾಲದ ತೇವ ಎರಡೂ ಅಲ್ಲಿ ಸೇರುತ್ತವೆ. ಕಪಾಟಿನ ನಡುವಿನ ಹಲಗೆಯಲ್ಲಿ, ಕೀಗಳ ಮೇಲೆ ಭಾರ ಬೀಳದಂತೆ, ಹತ್ತಿಬಟ್ಟೆಯಲ್ಲಿ ಸುತ್ತಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮಲಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ತೇವ ಒಳಗೇ ಉಳಿಯುತ್ತದೆ. ಎರಡು ತಿಂಗಳಿಗೊಮ್ಮೆ ತೆಗೆದು, ಎಲ್ಲ ಕೀಗಳನ್ನೂ ಎಲ್ಲ ಗುಂಡಿಗಳನ್ನೂ ಒಮ್ಮೆ ನುಡಿಸಿ. ನುಡಿಸಿದ ದಿನವೇ ಸೆಲ್ಲುಗಳನ್ನು ಹೊರಗೆ ತೆಗೆಯಿರಿ. ಖಾಲಿಯಾದ ಆ ಸೆಲ್ಲಿನ ಮನೆಯಲ್ಲಿ ಒಂದು ಚೀಟಿ ಮಡಿಸಿ ಇಡಿ. ನನ್ನ ಎಸ್‌ಕೆ-1ರ ಚೀಟಿಯಲ್ಲಿ ಅಡಾಪ್ಟರಿನ ವೋಲ್ಟು, ಪಿನ್ನಿನ ಒಳಭಾಗ ಋಣ ಎಂಬ ಮಾತು, ರಬ್ಬರ್ ಪಟ್ಟಿ ಒರೆಸಿದ ದಿನಾಂಕ, ಎಡದಿಂದ ಒಂಬತ್ತನೆಯ ಬಿಳಿಯ ಕೀ ತುಸು ತಡವಾಗಿ ನುಡಿಯುತ್ತದೆ ಎಂಬ ಟಿಪ್ಪಣಿ, ಇವಿಷ್ಟೂ ಪೆನ್ಸಿಲ್ಲಿನಲ್ಲಿ ಬರೆದಿವೆ. ಶಾಯಿ ತೇವಕ್ಕೆ ಕದಡುತ್ತದೆ, ಪೆನ್ಸಿಲ್ಲಿನ ಬರಹ ಉಳಿಯುತ್ತದೆ.